ಛಂದಸ್ಸು ತಿಳಿಯದಿದ್ದರೆ ನಷ್ಟವೇನು ಎಂದು ಕೇಳುವವರಿಗೆ

ಕವಿತೆಯನ್ನು ಓದಿ ಸಂತೋಷಪಡಲು ಛಂದಸ್ಸು, ಪ್ರಾಸ, ಅಲಂಕಾರಗಳನ್ನು ಕಲಿಯಲೇಬೇಕೇ ಎಂದು ಸಿಕ್ಕವರೆಲ್ಲ ನನ್ನನ್ನು ಕೇಳುತ್ತಾರೆ. ಕಲಿಯಬೇಕಾಗಿಲ್ಲ. ಉತ್ತರ ಇಷ್ಟೇ, ಅವಸರವಿರುವವರು ಇಲ್ಲಿಗೇ ಏಳಬಹುದು. ಆದರೆ ಅವರು ಏಳುವುದಿಲ್ಲ, ಪ್ರಶ್ನೆಗೆ ಒಂದು ಬಾಲವನ್ನು ಅಂಟಿಸುತ್ತಾರೆ: "ಅಲ್ಲ, ಅದನ್ನೆಲ್ಲ ಕಲಿತರೆ ಕವಿತೆಯ ಸವಿ ಕೆಟ್ಟುಹೋಗುವುದಿಲ್ಲವೇ?" ರಾಗವನ್ನು ಗುರುತಿಸಬಲ್ಲವರಿಗೆ ಹಾಡು ರುಚಿಸುವುದಿಲ್ಲ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಕಾವ್ಯದ ವಿಷಯದಲ್ಲಿ ಮಾತ್ರ ಅರಿಯದಿರುವುದನ್ನೇ ರಸಿಕತೆ ಎಂದು ಕರೆಯುವ ಧೈರ್ಯ ಎಲ್ಲಿಂದ ಬರುತ್ತದೋ ತಿಳಿಯದು.

ಒಮ್ಮೆ ಒಂದು ಓದಿನ ಕೂಟದಲ್ಲಿ ಇದೇ ಪ್ರಶ್ನೆಯನ್ನು ಕೇಳಿದ ಮಹನೀಯರೊಬ್ಬರು, ನಾನು ಬಾಯಿ ತೆರೆಯುವ ಮೊದಲೇ, ಕೈಯಲ್ಲಿದ್ದ ಕುಮಾರವ್ಯಾಸ ಭಾರತದ ಮೊದಲ ಪದ್ಯವನ್ನು ತೋರಿಸಿ, ಮುದ್ರಕರ ಅಜಾಗರೂಕತೆಯ ಬಗ್ಗೆ ಬೇಸರಪಟ್ಟರು. ಮೊದಲ ಸಾಲು "ಶ್ರೀವನಿತೆಯರಸನೆ ವಿಮಲ ರಾ" ಎಂದು ತುಂಡಾಗಿ ನಿಂತಿತ್ತು. "ಜೀವ ಪೀಠನ ಪಿತನೆ ಜಗಕತಿ" ಎಂದು ಎರಡನೆಯದು ಆರಂಭವಾಗಿತ್ತು. ರಾಜೀವವೆಂಬ ಪದವನ್ನು ಹೀಗೆ ನಡುವೆ ಕಡಿಯುವುದೇ ಎಂಬುದು ಅವರ ಆಕ್ಷೇಪ. ಪದ್ಯದ ಕೊನೆಗೆ ಬಂದಾಗ ಇನ್ನೊಂದು ತಪ್ಪೂ ಅವರಿಗೆ ಸಿಕ್ಕಿತು: ವೀರನಾರಾಯಣ ಎಂದು ಇರಬೇಕಾದಲ್ಲಿ "ವೀರನಾರಯಣ" ಎಂದಿದೆ, ಒಂದು ದೀರ್ಘವೇ ಬಿದ್ದುಹೋಗಿದೆ.

ಎರಡೂ ತಪ್ಪಲ್ಲ. ಈ ಪದ್ಯ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಛಂದಸ್ಸಿನಲ್ಲಿದೆ. ಒಂದು ಹ್ರಸ್ವಾಕ್ಷರವನ್ನು ಹೇಳುವ ಕಾಲ ಒಂದು ಮಾತ್ರೆ; ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು; ಮಾತ್ರೆಗಳ ಗುಂಪು ಗಣ. ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. 1, 2, 4 ಮತ್ತು 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಿಗೆ ಕೊನೆಯ ಗುರುವೂ ಸೇರಿ 23 ಮಾತ್ರೆ. ಶ್ರೀವ, ನಿತೆಯರ, ಸನೆವಿ, ಮಲರಾ: ಅಲ್ಲಿಗೆ 14 ತುಂಬಿತು, ಸಾಲು ಮುಗಿಯಿತು. ಇನ್ನು ಆದಿಪ್ರಾಸದ ಕಟ್ಟು ಇದೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಶ್ರೀವ, ಜೀವ, ಪಾವ ಎಂದು ಓದಿಕೊಂಡರೆ ರಾಜೀವ ಒಡೆದದ್ದು ಎಲ್ಲಿ, ಏಕೆ ಎಂಬುದು ಕಿವಿಗೇ ತಿಳಿಯುತ್ತದೆ. ಕೊನೆಯ ಸಾಲಿನಲ್ಲಿ "ವೀರ" ಮೂರು ಮಾತ್ರೆ, "ನಾರಯ" ನಾಲ್ಕು, ಉಳಿದ ಣಕಾರ ಸಾಲಿನ ಕೊನೆಯಲ್ಲಿರುವುದರಿಂದ ಗುರುವಿನ ಲೆಕ್ಕ. ದೀರ್ಘವನ್ನು ಮರಳಿ ತಂದು ಕೂರಿಸಿದರೆ ಗಣದಲ್ಲಿ ಐದು ಮಾತ್ರೆಯಾಗಿ ನಡೆ ಎಡವುತ್ತದೆ. ಇಷ್ಟನ್ನೂ ಹೇಳಿದೆ. ಅವರು "ಹಾಗಾದರೆ ಲೆಕ್ಕಕ್ಕಾಗಿ ಪದವನ್ನು ಕೊಲ್ಲಬಹುದೇ?" ಎಂದು ಕೇಳಿ ಪುಸ್ತಕ ಮುಚ್ಚಿದರು.

ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಕಾಗದದ ಮೇಲೆ ಪದ ಒಡೆದರೂ ವಾಚನದಲ್ಲಿ ಅದು ಏಕೆ ಒಡೆಯುವುದಿಲ್ಲ? ಇದನ್ನು ಯಾರಾದರೂ ಕೇಳಲಿ ಎಂದು ಕಾದಿದ್ದೇನೆ. ಷಟ್ಪದಿಗೆ ಹೆಸರಿನಲ್ಲಿ ಆರು ಸಾಲುಗಳಿದ್ದರೂ ಉಸಿರಿನ ನಿಲುಗಡೆಗಳು ಮುಖ್ಯವಾಗಿ ಎರಡೇ, ಮೂರನೆಯ ಸಾಲಿನ ಕೊನೆ ಮತ್ತು ಆರನೆಯ ಸಾಲಿನ ಕೊನೆ. ಇದೇ ಪದ್ಯದಲ್ಲಿ ನಾಲ್ಕನೆಯ ಸಾಲಿನಿಂದ ಐದನೆಯದಕ್ಕೆ ದಾಟುವಾಗ "ಸುಧಾ" ಕೂಡ ಒಡೆದಿದೆ, ಆದರೆ ಮೂರನೆಯ ಸಾಲಿನ ಅಂಚಿನಲ್ಲಿ "ದಾತಾರ" ಇಡಿಯಾಗಿ ನಿಂತಿದೆ. ಅಂದರೆ ಎಲ್ಲಿ ನಿಲ್ಲಬಾರದು, ಎಲ್ಲಿ ನಿಂತರೆ ಅರ್ಥ ತೆರೆಯುತ್ತದೆ ಎಂಬ ಸೂಚನೆಯನ್ನು ಛಂದಸ್ಸೇ ಓದುಗನಿಗೆ ಕೊಡುತ್ತಿದೆ. ಅದನ್ನು ಗಮನಿಸದವರು ಪ್ರತಿ ಸಾಲಿನ ಕೊನೆಯಲ್ಲೂ ನಿಂತು, ಓಡುವ ಪದ್ಯವನ್ನು ಕುಂಟಿಸಿ, ಹಳೆಯ ಕಾವ್ಯ ಕಷ್ಟವೆಂದು ದೂರುತ್ತಾರೆ.

"ಈಗಿನ ಕವಿತೆಗೆ ಛಂದಸ್ಸೇ ಇಲ್ಲವಲ್ಲ" ಎನ್ನುವವರಿಗೂ ಇಲ್ಲೇ ಉತ್ತರವಿದೆ. 20ನೆಯ ಶತಮಾನದ ಆರಂಭದಲ್ಲಿ ಕವಿ ಗೋವಿಂದ ಪೈ ಅವರು ಆದಿಪ್ರಾಸವನ್ನು ತೊರೆದಾಗ ಎದ್ದ ವಿರೋಧ ಸಣ್ಣದಲ್ಲ. ಮುಂದೆ ನವ್ಯರು, ಅಂದರೆ ಶತಮಾನದ ನಡುವಿನ ಹೊಸ ಕವಿಗಳು, ಮಾತ್ರೆಯ ಎಣಿಕೆಯನ್ನೂ ಸಡಿಲಿಸಿದರು. ಆಮೇಲೆ ಸಾಲನ್ನು ಎಲ್ಲಿ ಮುರಿಯಬೇಕೆಂಬುದು ಛಂದಸ್ಸಿನ ನಿಯಮ ಹೇಳುವ ಲಕ್ಷಣಗ್ರಂಥದ ಕೈಯಿಂದ ಕವಿಯ ಕೈಗೆ ಬಂತು. ಕೆಲಸ ಹಗುರವಾಗಲಿಲ್ಲ, ಹೆಚ್ಚಾಯಿತು. ಪ್ರತಿ ಸಾಲಿನ ಅಂಚಿಗೂ ಈಗ ಕವಿಯೊಬ್ಬನೇ ಹೊಣೆ.

ಅಲಂಕಾರಗಳ ಬಗ್ಗೆ ನನಗೆ ಅಷ್ಟು ತಾಳ್ಮೆಯಿಲ್ಲ. ಇದು ಉಪಮೆ, ಇದು ರೂಪಕ ಎಂದು ಚೀಟಿ ಅಂಟಿಸುವುದರಿಂದ ಯಾರಿಗೂ ಲಾಭವಿಲ್ಲ. ಉಪಮೇಯ (ಹೋಲಿಸುವ ವಸ್ತು), ಉಪಮಾನ (ಯಾವುದಕ್ಕೆ ಹೋಲಿಕೆಯೋ ಅದು), ಸಮಾನಧರ್ಮ (ಎರಡರಲ್ಲೂ ಇರುವ ಗುಣ), ಉಪಮಾವಾಚಕ ('ಅಂತೆ'ಯಂಥ ಪದ) ಎಂಬ ನಾಲ್ಕರಲ್ಲಿ ಕವಿ ಯಾವುದನ್ನು ಬಿಟ್ಟಿದ್ದಾನೆ ಎಂದು ಹುಡುಕಿದರೆ ಮಾತ್ರ ಲಾಭವಿದೆ. "ಮುಖ ಚಂದ್ರನಂತೆ" ಎಂದಷ್ಟೇ ಹೇಳಿದರೆ ಸಮಾನಧರ್ಮ ಲೋಪವಾಗಿದೆ, ಕಾಂತಿಯೋ ತಂಪೋ ಕಳಂಕವೋ ಎಂಬುದನ್ನು ಓದುಗನೇ ತುಂಬಬೇಕು. ತುಂಟ ಕವಿಯಾದರೆ ಮೂರನ್ನೂ ತುಂಬಲು ಬಿಡುತ್ತಾನೆ.

ಇಷ್ಟಾದ ಮೇಲೂ ಕಲಿಯಲೇಬೇಕೇ ಎನ್ನುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಕುತೂಹಲ ಹುಟ್ಟಿದವರು ಲಘು ಗುರುಗಳನ್ನು ಅರಿತು, ಒಂದು ಷಟ್ಪದಿಯನ್ನು ಗಟ್ಟಿಯಾಗಿ ಓದಿ, ನಂತರ ಹಳಗನ್ನಡದ ನಾಲ್ಕು ಸಾಲಿನ ಕಂದಪದ್ಯಕ್ಕೆ ಬರಲಿ. ಅಲ್ಲಿ ಪೂರ್ವಾರ್ಧದ ನಾಲ್ಕು ಮಾತ್ರೆಯ ಎಂಟು ಗಣಗಳಲ್ಲಿ ಬೆಸ ಸ್ಥಾನದಲ್ಲಿ ಜಗಣ (ಲಘು, ಗುರು, ಲಘು) ಬರಕೂಡದು, ಆದರೆ ಆರನೆಯ ಗಣ ಮಾತ್ರ ಜಗಣವೋ ಸರ್ವಲಘುವೋ (ನಾಲ್ಕೂ ಲಘು) ಆಗಿರಲೇಬೇಕು. ಏಕೆ ಹೀಗೆ ಎಂದು ಕೇಳುವವರು ಬಂದರೆ ನಾನು ಇಡೀ ಸಂಜೆ ಮಾತನಾಡಲು ಸಿದ್ಧ.