ಬಿಲ್ಲಿನಲ್ಲಿ ಬರೀ ‘3050’ ಅಂತಿದ್ದರೆ ನೀವು ಕೊಂಡದ್ದು ಯಾವ ಕಾರ್ಡ್?

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕಂಪ್ಯೂಟರ್ ಅಂಗಡಿಗೆ ಹೋಗಿ "ಅಣ್ಣಾ, 3050 ಐತಾ?" ಅಂತ ಕೇಳಿದರೆ "ಐತೆ, ನಾಳೆ ಬೆಂಗಳೂರಿಂದ ತರಿಸಿಕೊಡ್ತೀನಿ" ಅನ್ನುವ ಉತ್ತರ ಸಿಗುತ್ತದೆ. 3050 ಅಂದರೆ ಗೇಮ್, ವಿಡಿಯೊ ಕೆಲಸಕ್ಕೆ ಕಂಪ್ಯೂಟರಿಗೆ ಹಾಕುವ, ಎನ್‌ವಿಡಿಯಾ ಕಂಪನಿಯ ಒಂದು ಗ್ರಾಫಿಕ್ಸ್ ಕಾರ್ಡ್. ಕೇಳಿದವರದೂ ತಪ್ಪಿಲ್ಲ, ಹೇಳಿದವರದೂ ಸುಳ್ಳಲ್ಲ. ಆದರೆ ಕೇಳಿದವರ ಮನಸ್ಸಿನಲ್ಲಿದ್ದ ಕಾರ್ಡೇ ಬೇರೆ, ಮರುದಿನ ಬಸ್ಸಿನ ಪಾರ್ಸಲ್‌ನಲ್ಲಿ ಬಂದಿಳಿಯುವ ಕಾರ್ಡೇ ಬೇರೆ ಆಗಿರಬಹುದು. ಎರಡರ ಡಬ್ಬದ ಮೇಲೂ ಆರ್‌ಟಿಎಕ್ಸ್ 3050 ಅಂತಲೇ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

ಮೊದಲನೆಯ 3050 ಬಂದದ್ದು 2022ರ ಜನವರಿಯಲ್ಲಿ. 8 ಜಿಬಿ ಮೆಮೊರಿ, 2560 ಕುಡಾ ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಪುಟ್ಟ ಘಟಕಗಳು), 128 ಬಿಟ್ ಬಸ್ (ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ), 130 ವ್ಯಾಟ್. 2024ರ ಫೆಬ್ರವರಿಯಲ್ಲಿ ಅದೇ ಹೆಸರಿನಲ್ಲಿ 6 ಜಿಬಿಯದು ಬಂತು. ‘ಎರಡು ಜಿಬಿ ಕಡಿಮೆ, ಅಷ್ಟೇ ತಾನೆ’ ಅಂದುಕೊಂಡು ಜನ ಕೊಳ್ಳುತ್ತಾರೆ. ಅಷ್ಟೇ ಅಲ್ಲ. ಕೋರ್ 2304ಕ್ಕೆ ಇಳಿದಿದೆ, ಬಸ್ 96 ಬಿಟ್‌ಗೆ ಇಳಿದಿದೆ. ಈ ಕಾರ್ಡುಗಳ ಮೇಲಿನ ಒಂದೊಂದು ಮೆಮೊರಿ ಚಿಪ್‌ಗೂ 32 ಬಿಟ್ ಅಗಲದ ದಾರಿ ಇರುತ್ತದೆ. 2 ಜಿಬಿಯ ನಾಲ್ಕು ಚಿಪ್ ಇದ್ದರೆ 128 ಬಿಟ್, ಮೂರೇ ಇದ್ದರೆ 96. ಎರಡೂ ಕಾರ್ಡಿನ ಮೆಮೊರಿ 14 ಜಿಬಿಪಿಎಸ್ (ಒಂದು ಬಿಟ್ ಅಗಲದ ದಾರಿಯಲ್ಲಿ ಸೆಕೆಂಡಿಗೆ 14 ಗಿಗಾಬಿಟ್) ವೇಗದ್ದು. 14ನ್ನು ಬಸ್ ಅಗಲದಿಂದ ಗುಣಿಸಿ 8ರಿಂದ ಭಾಗಿಸಿದರೆ ಹಳೆಯದಕ್ಕೆ ಸೆಕೆಂಡಿಗೆ 224 ಜಿಬಿ ಬರುತ್ತದೆ, ಹೊಸದಕ್ಕೆ 168. ಇದನ್ನೇ ಬ್ಯಾಂಡ್‌ವಿಡ್ತ್ ಅನ್ನುವುದು. ಚಿಪ್ಪಿಗೆ ಮಾಹಿತಿ ಉಣಿಸುವ ದಾರಿಯೇ ಕಾಲು ಭಾಗ ಕಿರಿದಾಯಿತು. ಅಂಗಡಿಗಳು ಕೊಡುವ ಅಸೆಂಬಲ್ ಪಿಸಿ ಕೊಟೇಶನ್‌ನಲ್ಲಿ ‘ಐ5, 16 ಜಿಬಿ ರ್‍ಯಾಮ್, 3050’ ಅಂತ ಒಂದೇ ಸಾಲು ಇರುತ್ತದೆ. ಎರಡು ಅಂಗಡಿಯ ರೇಟಿನಲ್ಲಿ ಎರಡು ಮೂರು ಸಾವಿರ ವ್ಯತ್ಯಾಸ ಕಂಡರೆ, ಕಡಿಮೆ ಹೇಳಿದವರು ಒಳ್ಳೆಯವರು ಅಂತ ತೀರ್ಮಾನಿಸುವ ಮೊದಲು ಯಾವ 3050 ಅಂತ ಕೇಳಲೇಬೇಕು.

ಹಾಗಂತ 6 ಜಿಬಿಯದು ಕೆಟ್ಟ ಕಾರ್ಡ್ ಅಲ್ಲ. ಅದು ತಿನ್ನುವುದು 70 ವ್ಯಾಟ್ ಮಾತ್ರ. ಮದರ್‌ಬೋರ್ಡಿನ ಸ್ಲಾಟೇ 75 ವ್ಯಾಟ್‌ವರೆಗೆ ಕೊಡುವುದರಿಂದ, ಈ ಕಾರ್ಡಿನ ಹೆಚ್ಚಿನ ಮಾದರಿಗಳಿಗೆ ಬೇರೆ ಪವರ್ ಕೇಬಲ್ ಬೇಡ. ಕಚೇರಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಪಿಸಿಗಳಲ್ಲಿ ಕಾರ್ಡಿಗೆ ಬೇಕಾದ 6 ಪಿನ್ ಪವರ್ ಕೇಬಲ್ಲೇ ಇಲ್ಲದ ಚಿಕ್ಕ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಇರುತ್ತದೆ. ಅಂಥದ್ದಕ್ಕೆ ಎಸ್‌ಎಂಪಿಎಸ್ ಬದಲಿಸದೆ ಹಾಕಲು ಇದು ನಿಜವಾಗಿಯೂ ಒಳ್ಳೆಯ ಆಯ್ಕೆ. (ಸಣ್ಣ ಕ್ಯಾಬಿನೆಟ್ ಆದರೆ ಅರ್ಧ ಎತ್ತರದ ಮಾದರಿ ಬೇಕು, ಅಳತೆ ತೆಗೆದುಕೊಂಡೇ ಹೋಗಿ.) ಇದಕ್ಕೆ ಬೇರೆ ಹೆಸರು ಇಟ್ಟಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ಜಿಬಿ ಬದಲಾದರೆ ಚಿಪ್ಪೂ ಬದಲಾಗಿರುತ್ತದೆ ಅಂತ ಒಂದು ನಿಯಮ ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. 2016ರ ಜಿಟಿಎಕ್ಸ್ 1060ರಲ್ಲಿ 6 ಜಿಬಿಯದಕ್ಕೆ 1280 ಕೋರ್, 3 ಜಿಬಿಯದಕ್ಕೆ 1152. ಅಂದರೆ ಮೆಮೊರಿಯ ಜೊತೆ ಚಿಪ್ಪನ್ನೂ ಕತ್ತರಿಸಿದ್ದರು. ಆರ್‌ಟಿಎಕ್ಸ್ 3060ರ 12 ಜಿಬಿ ಮತ್ತು 8 ಜಿಬಿ ಎರಡರಲ್ಲೂ 3584 ಕೋರ್, ಆದರೆ ಬಸ್ 192ರಿಂದ 128 ಬಿಟ್‌ಗೆ, ಬ್ಯಾಂಡ್‌ವಿಡ್ತ್ 360ರಿಂದ 240ಕ್ಕೆ. ಆರ್‌ಟಿಎಕ್ಸ್ 4060 ಟಿಐಯಲ್ಲಿ 8 ಮತ್ತು 16 ಜಿಬಿ ಎರಡಕ್ಕೂ 4352 ಕೋರ್, 128 ಬಿಟ್, 288 ಜಿಬಿ. ಅಲ್ಲಿ ಮೆಮೊರಿ ಬಿಟ್ಟರೆ ಬೇರೆ ಹೆಚ್ಚೇನೂ ಬದಲಾಗಿಲ್ಲ. ಮೂರು ಹೆಸರು, ಮೂರು ಬಗೆಯ ವ್ಯತ್ಯಾಸ.

ಈ ಕೊನೆಯ ಬಗೆಯಲ್ಲೂ ಪೆಟ್ಟು ಬೀಳುತ್ತದೆ, ಆದರೆ ತಡವಾಗಿ. ಗೇಮ್ ಅಥವಾ ಎಡಿಟಿಂಗ್ ಸಾಫ್ಟ್‌ವೇರ್ 8 ಜಿಬಿಯೊಳಗೆ ಇರುವವರೆಗೂ ಎರಡು ಕಾರ್ಡಿಗೂ ವ್ಯತ್ಯಾಸ ಕಾಣುವುದಿಲ್ಲ. ಅದನ್ನು ದಾಟಿದ ಕ್ಷಣ ಉಳಿದ ಡೇಟಾ ಪಿಸಿಯ ರ್‍ಯಾಮ್‌ಗೆ ಹೋಗುತ್ತದೆ, ಅಲ್ಲಿಂದ ಪಿಸಿಐಇ (ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಸ್ಲಾಟ್) ದಾರಿಯಲ್ಲಿ ವಾಪಸ್ ಬರಬೇಕು. 4060 ಟಿಐಗೆ ಇರುವುದು 8 ಲೇನ್. ಪಿಸಿಐಇ 4ರ ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ, ಹಳೆಯ ಪಿಸಿಐಇ 3ರ ಬೋರ್ಡಿನಲ್ಲಿ ಅದರರ್ಧ. 288ರ ಹೆದ್ದಾರಿಯಿಂದ ಇಳಿದು 8ರ ಕಾಲುದಾರಿಗೆ ಬಿದ್ದ ಹಾಗೆ. ಆಗ ಚಿತ್ರ ತಡೆತಡೆದು ಓಡುತ್ತದೆ. ‘ಕಾರ್ಡ್ ಕೆಟ್ಟಿದೆ’ ಅಂತ ಅಂಗಡಿಗೆ ಹೊತ್ತು ತಂದರೆ ಅಲ್ಲಿ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಬರುತ್ತದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಮತ್ತು ಎದುರಾಳಿ ಕಂಪನಿ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡನ್ನೂ ಮತ್ತೆ ಒಂದೇ ಹೆಸರಿನಲ್ಲಿ 8 ಮತ್ತು 16 ಜಿಬಿಯಾಗಿಯೇ ಮಾರುತ್ತಿದ್ದಾರೆ. ನಾಲ್ಕೈದು ವರ್ಷ ಬಳಸುವ ಉದ್ದೇಶವಿದ್ದರೆ, ಬೇರೆ ಕಡೆ ಉಳಿಸಿಯಾದರೂ 16 ಜಿಬಿಯದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.

ಹೆಸರು ಸರಿಯಾಗಿ ಇಡುವುದು ಕಂಪನಿಗಳಿಗೆ ಆಗದ ಕೆಲಸವೇನಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 4080 ಹೆಸರಿನಲ್ಲಿ ಎರಡು ಕಾರ್ಡ್ ಘೋಷಿಸಿತು. 16 ಜಿಬಿಯದರಲ್ಲಿ 9728 ಕೋರ್, 12 ಜಿಬಿಯದರಲ್ಲಿ 7680, ಚಿಪ್ಪೇ ಬೇರೆ. ಜನ ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ ಅಕ್ಟೋಬರ್ 14ರಂದು 12 ಜಿಬಿಯದನ್ನು ಹಿಂತೆಗೆದುಕೊಂಡರು. 2023ರ ಜನವರಿಯಲ್ಲಿ ಅಷ್ಟೇ ಕೋರ್, ಅಷ್ಟೇ ಮೆಮೊರಿಯ ಕಾರ್ಡು 4070 ಟಿಐ ಆಗಿ ಬಂತು, ಮೊದಲು ಹೇಳಿದ 899 ಡಾಲರ್‌ನಿಂದ 799ಕ್ಕೆ ಇಳಿದು. ಹೆಸರೊಂದು ಸರಿಯಾದದ್ದಕ್ಕೆ ನೂರು ಡಾಲರ್ ಇಳಿಯಿತು. ಆದರೆ ಲಕ್ಷದ ಆಸುಪಾಸಿನ ಕಾರ್ಡಿಗೆ ಎದ್ದ ಕೂಗು ಹತ್ತು ಸಾವಿರದೊಳಗಿನ ಕಾರ್ಡಿಗೆ ಏಳುವುದಿಲ್ಲ. ನನಗೆ ಅತಿ ಬೇಸರ ತರುವ ಸಂಗತಿ ಇದು.

ಯಾಕೆಂದರೆ ಅತಿ ದೊಡ್ಡ ವ್ಯತ್ಯಾಸ ಇರುವುದೇ ಅತಿ ಅಗ್ಗದ ಕಾರ್ಡಿನಲ್ಲಿ. 2017ರ ಜಿಟಿ 1030ರ ಜಿಡಿಡಿಆರ್5 (ವೇಗದ ಬಗೆಯ ಮೆಮೊರಿ) ಮಾದರಿಗೆ ಸೆಕೆಂಡಿಗೆ 48 ಜಿಬಿ ಬ್ಯಾಂಡ್‌ವಿಡ್ತ್. 2018ರಲ್ಲಿ ಅದೇ ಹೆಸರಿನಲ್ಲಿ ಬಂದ ಡಿಡಿಆರ್4 (ನಿಧಾನದ ಬಗೆ) ಮಾದರಿಗೆ 16.8. ಎರಡೂ 2 ಜಿಬಿ, ಎರಡೂ 64 ಬಿಟ್. ‘ಎಷ್ಟು ಜಿಬಿ’ ಅಂತ ಕೇಳುವವರಿಗೆ ಎರಡೂ ಒಂದೇ, ಒಳಗೆ ನೋಡಿದರೆ ಮೂರನೇ ಒಂದು ಭಾಗ. ಜಿಟಿ 730ರ ಕಥೆ ಇನ್ನೂ ಹಳೆಯದು. 2014ರಲ್ಲಿ ಆ ಹೆಸರಿನಲ್ಲಿ ಮೂರು ಬಗೆ ಬಂದವು. ಒಂದರಲ್ಲಿ ಹಳೆಯ ಫರ್ಮಿ ಪೀಳಿಗೆಯ 96 ಕೋರಿನ ಚಿಪ್, ಉಳಿದೆರಡರಲ್ಲಿ ಅದರ ಮುಂದಿನ ಕೆಪ್ಲರ್ ಪೀಳಿಗೆಯ 384 ಕೋರಿನ ಚಿಪ್. ಫರ್ಮಿಗೆ ಹೊಸ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬರುವುದು ನಿಂತದ್ದು 2018ರಲ್ಲೇ. ‘4 ಜಿಬಿ ಕಾರ್ಡ್, ಬರೀ ಇಷ್ಟಕ್ಕೆ’ ಅಂತ ತೋರಿಸಿದರೆ ಮರುಳಾಗಬೇಡಿ. ಅಷ್ಟು ನಿಧಾನದ ಚಿಪ್ಪಿಗೆ ಎಷ್ಟು ಜಿಬಿ ಕಟ್ಟಿದರೂ ಅದು ಓಡುವುದಿಲ್ಲ.

ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು ಇಲ್ಲಿ ಇನ್ನೊಂದು ಹೊಂಡಕ್ಕೆ ಬೀಳುತ್ತಾರೆ. ಎರಡು ಮೂರು ಗಂಟೆಯ ಮದುವೆ ವಿಡಿಯೊ ಬೇಗ ರೆಂಡರ್ ಆಗಬೇಕಾದರೆ ಕಾರ್ಡಿನೊಳಗೆ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ಭಾಗ) ಇರಬೇಕು. ಜಿಟಿ 1030ರಲ್ಲಿ ಅದು ಇಲ್ಲವೇ ಇಲ್ಲ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲೂ ಇಲ್ಲ. ಹೆಸರಿನಲ್ಲಿ ‘ಎಕ್ಸ್‌ಟಿ’ ಇದೆ, 6600ರ ಪಕ್ಕದ ಸಂಖ್ಯೆ ಇದೆ ಅಂತ ನಂಬಿ ತಂದರೆ ರೆಂಡರ್ ಭಾರವೆಲ್ಲ ಪ್ರೊಸೆಸರ್ ಮೇಲೆಯೇ ಬೀಳುತ್ತದೆ. ಸಾಲದ್ದಕ್ಕೆ ಆ ಕಾರ್ಡಿಗೆ ಬರೀ 4 ಲೇನ್, ಹಾಗಾಗಿ ಪಿಸಿಐಇ 3ರ ಹಳೆಯ ಬೋರ್ಡಿಗೆ ಹಾಕಿದರೆ ಇನ್ನೂ ನಿಧಾನ. ಸ್ಟುಡಿಯೊ ಕೆಲಸಕ್ಕೆ ಅದಕ್ಕಿಂತ ಎನ್‌ಕೋಡರ್ ಇರುವ 3050 6 ಜಿಬಿಯೇ ಮೇಲು.

ಹೆಸರಿನ ಲೆಕ್ಕ ಮೂಲತಃ ಸರಳ. ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡಿನಲ್ಲಿ ಮೊದಲ ಎರಡಂಕಿ ಪೀಳಿಗೆ, ಕೊನೆಯ ಎರಡಂಕಿ ದರ್ಜೆ, ಆಮೇಲೆ ಟಿಐ, ಸೂಪರ್ (ಎಎಂಡಿಯಲ್ಲಾದರೆ ಎಕ್ಸ್‌ಟಿ) ಅಂತ ಬಾಲ. ಬಾಲ ಇದ್ದರೆ ಅದೇ ಸಂಖ್ಯೆಯ ಬಾಲವಿಲ್ಲದ್ದಕ್ಕಿಂತ ಮೇಲು, ಇಷ್ಟನ್ನು ನಂಬಬಹುದು. ಆದರೆ ಬಾಲಕ್ಕೆ ಬಾಲ ಸೇರಿದಾಗ ತಲೆ ಕೆಡುತ್ತದೆ: 4070ರಲ್ಲಿ 5888 ಕೋರ್, 4070 ಸೂಪರ್‌ನಲ್ಲಿ 7168, 4070 ಟಿಐಯಲ್ಲಿ 7680, 4070 ಟಿಐ ಸೂಪರ್‌ನಲ್ಲಿ 8448. ಮೊದಲ ಮೂರಕ್ಕೆ 12 ಜಿಬಿ, ಕೊನೆಯದಕ್ಕೆ 16. ಕಂಪನಿಗಳು ಹಿಂದೆ ಮುಂದೆ ಸೇರಿಸುವ ಡ್ಯುಯಲ್, ವೆಂಟಸ್, ಈಗಲ್ ಮುಂತಾದ ಪದಗಳು ಫ್ಯಾನು, ಕೂಲರ್‌ನ ಹೆಸರು. ವೇಗಕ್ಕೂ ಅವಕ್ಕೂ ಹೆಚ್ಚು ಸಂಬಂಧವಿಲ್ಲ. ಪೀಳಿಗೆಯ ಅಂಕಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 2050ರ ಒಳಗೆ ಇರುವುದು 30ರ ಪೀಳಿಗೆಯ ಚಿಪ್. ಎಎಂಡಿ ಡೆಸ್ಕ್‌ಟಾಪ್ ಕಾರ್ಡಿನಲ್ಲಿ 7000ದಿಂದ ನೇರ 9000ಕ್ಕೆ ಹಾರಿದೆ, ನಡುವೆ 8000 ಇಲ್ಲ.

ಇಂಜಿನಿಯರಿಂಗ್ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ತಂದೆತಾಯಿಗಳಿಗೆ ಇದನ್ನು ಒತ್ತಿ ಹೇಳಬೇಕು. ಡೆಸ್ಕ್‌ಟಾಪಿನ 4070ರಲ್ಲಿ 5888 ಕೋರ್ ಮತ್ತು 12 ಜಿಬಿ ಇದ್ದರೆ, ಲ್ಯಾಪ್‌ಟಾಪಿನ 4070ರಲ್ಲಿ 4608 ಕೋರ್ ಮತ್ತು 8 ಜಿಬಿ. 4090 ಅಂತೂ ಡೆಸ್ಕ್‌ಟಾಪಿನಲ್ಲಿ 16384 ಕೋರ್, ಲ್ಯಾಪ್‌ಟಾಪಿನಲ್ಲಿ 9728. ಇಷ್ಟಕ್ಕೇ ಮುಗಿಯಲಿಲ್ಲ. ಲ್ಯಾಪ್‌ಟಾಪಿನ 4060 ಒಂದು ಮಾದರಿಯಲ್ಲಿ 35 ವ್ಯಾಟ್‌ಗೆ, ಇನ್ನೊಂದರಲ್ಲಿ 115 ವ್ಯಾಟ್‌ಗೆ ಓಡಬಹುದು, ಎರಡರ ಮೇಲೂ ಅಂಟಿಸುವ ಸ್ಟಿಕರ್ ಒಂದೇ. ಮೊದಲು ಕಡಿಮೆ ವ್ಯಾಟಿನದಕ್ಕೆ ‘ಮ್ಯಾಕ್ಸ್-ಕ್ಯೂ’ ಅಂತ ಹೆಸರಿನಲ್ಲೇ ಗುರುತು ಇರುತ್ತಿತ್ತು, 30ರ ಪೀಳಿಗೆಯಿಂದ ಅದನ್ನೂ ತೆಗೆದರು. ಲ್ಯಾಪ್‌ಟಾಪ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್ ಅನ್ನುವುದು. ಕಂಪನಿಯ ಜಾಲತಾಣದ ವಿವರದಲ್ಲಿ ಟಿಜಿಪಿ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಅಂಗಡಿಯಲ್ಲಿ ಡೆಮೊ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ ಕೋರ್ ಎಷ್ಟು, ಗರಿಷ್ಠ ಪವರ್ ಎಷ್ಟು ಎರಡೂ ಕಾಣುತ್ತವೆ. ಟಾಸ್ಕ್ ಮ್ಯಾನೇಜರ್ ತೋರಿಸಿ ‘8 ಜಿಬಿ ಗ್ರಾಫಿಕ್ಸ್’ ಅಂದರೆ ‘ಡೆಡಿಕೇಟೆಡ್’ ಎಂಬ ಸಾಲನ್ನು ನೋಡಿ. ‘ಶೇರ್ಡ್’ ಅಂತ ಇರುವುದು ನಿಮ್ಮದೇ ರ್‍ಯಾಮಿನ ಅರ್ಧ ಭಾಗ. 16 ಜಿಬಿ ರ್‍ಯಾಮ್ ಹಾಕಿದ ಯಾವ ವಿಂಡೋಸ್ ಯಂತ್ರದಲ್ಲೂ ಅದು ಸುಮಾರು 8 ಅಂತಲೇ ತೋರಿಸುತ್ತದೆ.

ಎಪಿಎಂಸಿಗೆ ಮೆಕ್ಕೆಜೋಳ ಬಂದರೆ ತೇವಾಂಶ ನೋಡದೆ ಯಾರೂ ದರ ಕಟ್ಟುವುದಿಲ್ಲ. ಕಾರ್ಡಿಗೂ ಅದೇ ಕ್ರಮ ಬೇಕು. ಆರ್ಡರ್ ಕೊಡುವ ಮೊದಲೇ ಅಂಗಡಿಯವರಿಂದ ಪೂರ್ತಿ ಪಾರ್ಟ್ ನಂಬರ್ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಅದನ್ನು ಆ ಕಂಪನಿಯ ಜಾಲತಾಣದಲ್ಲಿ ಹುಡುಕಿ ಕೋರ್, ಮೆಮೊರಿ, ಮೆಮೊರಿ ಬಗೆ, ಬಸ್ ಅಗಲ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಡಬ್ಬ ಕೈಗೆ ಬಂದಾಗ ಸೀಲ್ ಒಡೆಯುವ ಮೊದಲು ಸ್ಟಿಕರ್ ಮೇಲಿನ ಪಾರ್ಟ್ ನಂಬರ್ ತಾಳೆ ನೋಡಿ, ಯಾಕೆಂದರೆ ಸೀಲ್ ಒಡೆದ ಮೇಲೆ ವಾಪಸ್ ಮಾತು ಕಷ್ಟ. ಬಿಲ್ಲಿನಲ್ಲಿ ‘ಗ್ರಾಫಿಕ್ಸ್ ಕಾರ್ಡ್ 1’ ಅಂತಲೋ ‘3050’ ಅಂತಲೋ ಬರೆದರೆ ಒಪ್ಪಬೇಡಿ. ‘ಆರ್‌ಟಿಎಕ್ಸ್ 3050, 8 ಜಿಬಿ ಜಿಡಿಡಿಆರ್6, 128 ಬಿಟ್’ ಅಂತ ಬರೆಸಿ, ಕೆಳಗೆ ಪಾರ್ಟ್ ನಂಬರ್, ಸೀರಿಯಲ್ ನಂಬರ್ ಬರೆಸಿ. ವಾರಂಟಿಗೂ ಸೀರಿಯಲ್ ನಂಬರ್ ಬೇಕೇ ಬೇಕು. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನ ಡೀಲರ್ ತಪ್ಪು ಮಾಲು ಕಳಿಸಿದರೆ ವಾಪಸ್ ಕಳಿಸಲು ಅವರಿಗೂ ಅದೇ ಆಧಾರ.

ಕಾರ್ಡ್ ಹಾಕಿ ಡ್ರೈವರ್ ಇನ್‌ಸ್ಟಾಲ್ ಆದ ಮೇಲೆ ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಓಡಿಸಿ. ಶೇಡರ್ಸ್ ಎಂಬಲ್ಲಿ ಕೋರ್ ಸಂಖ್ಯೆ, ಬಸ್ ವಿಡ್ತ್, ಮೆಮೊರಿ ಟೈಪ್, ಬ್ಯಾಂಡ್‌ವಿಡ್ತ್ ಎಲ್ಲ ಒಂದೇ ಕಿಟಕಿಯಲ್ಲಿ ಸಿಗುತ್ತವೆ. ಬಸ್ ಇಂಟರ್‌ಫೇಸ್ ಎಂಬಲ್ಲಿ ಪಿಸಿಐಇ 1.1 ಅಂತ ಕಂಡರೆ ಗಾಬರಿ ಬೇಡ. ಕೆಲಸವಿಲ್ಲದಾಗ ಕಾರ್ಡು ನಿದ್ದೆಯಲ್ಲಿರುತ್ತದೆ, ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದಾಗ ನಿಜವಾದ ಅಂಕಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ಅಥವಾ ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಕ್ಕ 1050 ಟಿಐ ಆದರೆ ಈ ಪರೀಕ್ಷೆ ಮಾಡಲೇಬೇಕು. ಜಿಟಿಎಸ್ 450, ಜಿಟಿಎಕ್ಸ್ 550 ಟಿಐಯಂಥ ಹಳೆಯ ಚಿಪ್ಪಿನ ಬಯೋಸ್ (ಕಾರ್ಡಿನ ಗುರುತು ಹೇಳುವ ಒಳಗಿನ ಸಾಫ್ಟ್‌ವೇರ್) ಬದಲಿಸಿ 1050 ಟಿಐ ಅಂತ ಮಾರುವ ದಂಧೆ ಇದೆ. ವಿಂಡೋಸ್ ಅದನ್ನು ನಂಬಿ ಹಾಗೆಯೇ ತೋರಿಸುತ್ತದೆ. ಜಿಪಿಯು-ಝಡ್ ಮಾತ್ರ ಹೆಸರಿನ ಮುಂದೆ ‘ಫೇಕ್’ ಅಂತ ಹಾಕುತ್ತದೆ. ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಇದ್ದರೆ ಮೊದಲೇ ಅನುಮಾನಿಸಿ, ನಿಜವಾದ 1050 ಟಿಐ ಪೀಳಿಗೆಯ ಚಿಪ್ಪಿನಿಂದ ವಿಜಿಎಗೆ ಬೇಕಾದ ಅನಲಾಗ್ ಔಟ್‌ಪುಟ್ಟೇ ಹೊರಬರುವುದಿಲ್ಲ. ಜಿಪಿಯು-ಝಡ್ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನ ಫೋಟೊ ಜೊತೆ ಇಡಿ.

ಬಿಲ್ಲಿನಲ್ಲಿ ಬರೆದದ್ದೇ ಒಂದು, ಕೊಟ್ಟದ್ದೇ ಇನ್ನೊಂದು ಆಗಿ, ಅಂಗಡಿಯವರು ಬದಲಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರು ಬೇರೆ ಊರಿನವರಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ದೂರು ಕೊಡಲು ಇರುವ ಅವಧಿ ಎರಡು ವರ್ಷ. ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.