"ಬರೀ ಬಟನ್ ಒತ್ತೋದಲ್ವಾ?"

ನಮ್ಮ ಮನೆಯಲ್ಲಿ ಬೆಳಿಗ್ಗೆ ಅಡುಗೆ ಹೊತ್ತಿಗೆ ಜಾಸ್ತಿ ಕೇಳಿಸುವುದು ಫೋರ್ ಟೆಟ್. ಲಂಡನ್ನಿನ ಕೀರನ್ ಹೆಬ್ಡನ್ ಈ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಾನೆ. 2023ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನುವ ದೊಡ್ಡ ಒಳಾಂಗಣದಲ್ಲಿ ಅವನು, ಇದೇ ಬಗೆಯ ಸಂಗೀತ ಮಾಡುವ ಸ್ಕ್ರಿಲೆಕ್ಸ್, ಫ್ರೆಡ್ ಅಗೇನ್ ಮೂವರೂ ಸೇರಿ ಕಾರ್ಯಕ್ರಮ ಕೊಟ್ಟರು. ಅದರ ವಿಡಿಯೊ ತೋರಿಸಿದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: "ಬರೀ ಬಟನ್ ಒತ್ತೋದಲ್ವಾ? ಇದರಲ್ಲಿ ಸಂಗೀತ ಎಲ್ಲಿದೆ?" ಹೇಳಿ ಹೇಳಿ ನನಗೆ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ.

ನನಗೆ ಸಿಟ್ಟು ಬರುವುದು ಆ "ಬರೀ" ಅನ್ನುವ ಮಾತಿಗೆ. ಪಿಟೀಲು ವಿದ್ವಾಂಸರನ್ನು "ಬರೀ ತಂತಿ ತಿಕ್ಕೋದಲ್ವಾ?" ಅಂತ ಯಾರಾದರೂ ಕೇಳ್ತಾರಾ?

ಹೌದು, ಕೀರನ್ ಕಂಪ್ಯೂಟರಿನಲ್ಲೇ ಮಾಡುತ್ತಾನೆ. 2003ರ 'ರೌಂಡ್ಸ್' ಆಲ್ಬಂ ಹುಟ್ಟಿದ್ದೇ ಹಾಗೆ. ಹಳೆಯ ರೆಕಾರ್ಡುಗಳಿಂದ ಕತ್ತರಿಸಿದ ಚೂರುಗಳನ್ನು ಸೇರಿಸಿ ಹೊಲಿದದ್ದು. ಶುರುವಾಗುವುದು ಎದೆಬಡಿತದಂಥ ಸದ್ದಿನಿಂದ. ಕೊನೆಯ ಹಾಡಿನಲ್ಲಿ ಮಕ್ಕಳ ರಬ್ಬರ್ ಗೊಂಬೆ ಹಿಚುಕಿದಂಥ ಕೀಚ್ ಕೀಚ್ ಬರುತ್ತದೆ. ಅದು ಕೇಳಿ ನಗು ಬರುತ್ತದೆ, ಜೊತೆಗೇ ಗಂಟಲೂ ಕಟ್ಟುತ್ತದೆ. ಯಾವ ಬಟನ್ ಒತ್ತಿದರೆ ಹಾಗಾಗುತ್ತದೆ, ತೋರಿಸಿ.

ಸ್ಕೂಲಿನಲ್ಲಿದ್ದಾಗಲೇ ಗೆಳೆಯರ ಜೊತೆ 'ಫ್ರಿಜ್' ಅಂತ ಬ್ಯಾಂಡ್ ಕಟ್ಟಿದವನು ಅವನು. ಗಿಟಾರ್ ನುಡಿಸುತ್ತಿದ್ದ. ಆಮೇಲೆ ತನಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಹಿರಿಯರಾದ ಜಾಝ್ ಡ್ರಮ್ಮರ್ ಸ್ಟೀವ್ ರೀಡ್ ಜೊತೆ ಹಲವು ವರ್ಷ ನುಡಿಸಿದ. ಮೊದಲೇ ಬರೆದುಕೊಂಡದ್ದೇನೂ ಇಲ್ಲ, ಅಲ್ಲೇ ಹುಟ್ಟಬೇಕು. ಎದುರಿಗಿರುವವರು ಮುಂದೆ ಏನು ಬಾರಿಸುತ್ತಾರೋ ಗೊತ್ತಿಲ್ಲದಾಗ ಒಂದು ಬಟನ್ ಒತ್ತಿ ನೋಡಿ, ಆಮೇಲೆ ಮಾತಾಡೋಣ.

ಹೋದ ಯುಗಾದಿಗೆ ನಮ್ಮ ಸೋದರಮಾವ ಬಂದಿದ್ದರು. ಅವರೂ ಅದೇ ಪ್ರಶ್ನೆ ಕೇಳಿದರು. ಹಬ್ಬದ ದಿನ ಜಗಳ ಯಾಕೆ ಅಂತ ನಾನು ಸುಮ್ನೆ 2015ರ 'ಮಾರ್ನಿಂಗ್/ಈವ್ನಿಂಗ್' ಹಾಕಿದೆ. ಅದರಲ್ಲಿರುವುದು ಎರಡೇ ಹಾಡು. ಒಂದೊಂದೂ ಸುಮಾರು 20 ನಿಮಿಷ. ಮಾವ ಒಬ್ಬಟ್ಟಿನ ಮೇಲೆ ತುಪ್ಪ ಬಿಡುತ್ತಾ, "ನೋಡು, ಬರೀ ಟಕ್ ಟಕ್" ಎಂದರು. ಅಷ್ಟರಲ್ಲಿ ಆ ದನಿ ಬಂತು. ಮಿಳ್ಳೆ ಹಿಡಿದ ಕೈ ಅಲ್ಲೇ ನಿಂತಿತು.

"ಏಯ್, ಇದು ಲತಾ ಕಣೋ!"

ಹೌದು, ಲತಾ ಮಂಗೇಶ್ಕರ್. 1983ರ ಹಿಂದಿ ಸಿನಿಮಾ 'ಸೌತನ್'ಗೆ ಹಾಡಿದ್ದು.

"ಆ ಲಂಡನ್ ಹುಡುಗನಿಗೆ ಇದೆಲ್ಲಿ ಸಿಕ್ತು?" ಎಂದರು ಮಾವ.

ಇಷ್ಟು ವರ್ಷ ನಾನು ಕಾಯುತ್ತಿದ್ದದ್ದು ಈ ಪ್ರಶ್ನೆಗೆ! ಕೀರನ್‌ನ ತಾಯಿ ದಕ್ಷಿಣ ಆಫ್ರಿಕಾದ ಭಾರತೀಯ ಮನೆತನದವರು. ಆ ಕಡೆಯ ಅಜ್ಜ ತೀರಿಕೊಂಡ ಮೇಲೆ ಅವರ ಭಾರತೀಯ ರೆಕಾರ್ಡುಗಳು ಮೊಮ್ಮಗನ ಕೈಗೆ ಬಂದವು. ಈ ಆಲ್ಬಂ ಮಾಡುವಾಗ ಅವನ ಮನಸ್ಸಿನಲ್ಲಿದ್ದದ್ದು ಆ ಸಂಗೀತ. ಇದನ್ನೆಲ್ಲ ಮಾವನಿಗೆ ಒಂದೇ ಉಸಿರಿಗೆ ಹೇಳಿದೆ.

ಇನ್ನೊಂದು ವಿಷಯವನ್ನು ಮಾವ ತಾವೇ ಗಮನಿಸಿದರು. "ಲತಾ ದನಿಯನ್ನ ಕೆಡಿಸಿಲ್ಲ ಅಲ್ವಾ?" ಇಲ್ಲ. ಬೇಕಿದ್ದರೆ ಅದನ್ನೂ ಪುಡಿ ಪುಡಿ ಮಾಡಬಹುದಿತ್ತು, ಆ ಕೆಲಸ ಅವನಿಗೆ ಚೆನ್ನಾಗಿ ಬರುತ್ತದೆ. ಇಲ್ಲಿ ಸಾಲನ್ನು ಸಾಲಾಗಿಯೇ ಬಿಟ್ಟಿದ್ದಾನೆ. ಅದು ಮತ್ತೆ ಮತ್ತೆ ಬರುತ್ತದೆ. ಹಿಂದೆ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ವಾದ್ಯದ ಸ್ವರ, ನಿಧಾನವಾಗಿ ಏರುತ್ತದೆ. ಆಮೇಲೆ ದನಿ ದೂರವಾಗುತ್ತಾ ಹೋಗುತ್ತದೆ.

ಹಾಡು ಮುಗಿದಾಗ ಒಬ್ಬಟ್ಟು ತಣ್ಣಗಾಗಿತ್ತು. ಮಾವ ಆ ಸಾಲನ್ನು ಇನ್ನೂ ಗುನುಗುತ್ತಲೇ ಇದ್ದರು.