ಕಾಯಿ ಲೆಕ್ಕ ಸರಿ, ಬಿಸ್ಕೆಟ್ ಲೆಕ್ಕ ತಪ್ಪು

ಕನ್ಸಲ್ಟಿಂಗ್ ಕಂಪೆನಿಯ ಇಂಟರ್‌ವ್ಯೂ ಮುಗ್ಸಿ ಬಂದು ಎರಡು ವಾರ ಆಯ್ತು, ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದ್ದೇನೆ. ನಮ್ಮ ಬದಿಯಡ್ಕ ಕಡೆ ಈ ಕೆಲಸ ಎಂತದ್ದು ಅಂತ ವಿವರಿಸುದೇ ಬೇರೆ ಇಂಟರ್‌ವ್ಯೂ. ದೊಡ್ಡಪ್ಪ ಹೇಳಿದ್ರು, "ಬೇರೆಯವರ ಕಂಪೆನಿಗೆ ಬುದ್ಧಿ ಹೇಳ್ಲಿಕ್ಕೆ ಸಂಬಳ ಕೊಡ್ತಾರಾ? ಇಲ್ಲಿ ಧರ್ಮಕ್ಕೆ ಹೇಳಿದ್ರೂ ಯಾರೂ ಕೇಳುದಿಲ್ಲ ಮಾರಾಯ."

ಫಸ್ಟ್ ರೌಂಡ್ ಆನ್‌ಲೈನ್. ಜೋರು ಮಳೆ, ಕರೆಂಟ್ ಇಲ್ಲ, ಮೊಬೈಲ್ ಡಾಟಾ ನಂಬಿ ಮಹಡಿಯ ಕಿಟಿಕಿ ಹತ್ರ ಕೂತದ್ದು. ಆಚೆಯವರು ರೆಸ್ಯೂಮ್ ನೋಡಿ, ಓ ಕೇರಳ, ಹಾಗಾದ್ರೆ ಮನೆಯಲ್ಲಿ ಮಲಯಾಳಂ ಅಲ್ವಾ ಅಂದ್ರು. ಕಾಸರಗೋಡು ಕೇರಳಕ್ಕೆ ಸೇರಿದ 1956 ನವೆಂಬರ್ 1ರಿಂದ ಶುರು ಮಾಡ್ಲಿಕ್ಕೆ ಬಾಯಿ ತೆರೆದವ ಟೈಮ್ ನೋಡಿ ಸುಮ್ಮನಾದೆ, ಮನೇಲಿ ಕನ್ನಡ, ಪೇಟೇಲಿ ಮಲಯಾಳ, ತುಳು ಎಲ್ಲ ಕಡೆ ಅಂತ ಮುಗಿಸಿದೆ. ಅವರು ನಕ್ಕು, ಸರಿ, ನಿಮ್ಮ ಜಿಲ್ಲೆಯಲ್ಲಿ ದಿನಕ್ಕೆ ಎಷ್ಟು ತೆಂಗಿನಕಾಯಿ ಅಡುಗೆಗೆ ಖರ್ಚಾಗ್ತದೆ ಹೇಳಿ ಅಂದ್ರು. ಇದಕ್ಕೆ ಗೆಸ್ಟಿಮೇಟ್ ಅಂತ ಹೆಸರು. ಸರಿ ಉತ್ತರ ಕೇಳುವವರಿಗೂ ಗೊತ್ತಿರುದಿಲ್ಲ, ನಾವು ಹೇಗೆ ಲೆಕ್ಕ ಹಾಕ್ತೇವೆ ಅಂತ ಅವರಿಗೆ ಕೇಳಿಸ್ಬೇಕು ಅಷ್ಟೇ, ಮನಸ್ಸಲ್ಲೇ ಗುಣಿಸಿ ಕೊನೆಗೊಂದು ನಂಬರ್ ಹೇಳಿದ್ರೆ ಏನೂ ಪ್ರಯೋಜನ ಇಲ್ಲ.

2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆ ಸುಮಾರು 13 ಲಕ್ಷ. ಮನೆಗೆ 5 ಜನ ಅಂದ್ರೆ 2.6 ಲಕ್ಷ ಮನೆ, ಮನೆಗೆ ಒಂದು ಕಾಯಿ. ಅವರು ಅಲ್ಲೇ ಹಿಡಿದ್ರು, ದಿನಕ್ಕೊಂದು ಇಡೀ ಕಾಯಿಯಾ? ನಾನು ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಸಾಂಬಾರಿಗೆ ಅರೆಯುದು, ಪಲ್ಯಕ್ಕೆ ತುರಿ ಅಂತ ಅಮ್ಮನ ಅಡುಗೆಮನೆಯನ್ನೇ ಅವರ ಮುಂದೆ ಇಟ್ಟೆ. ಎಲ್ಲರ ಮನೇಲಿ ಅಷ್ಟಿಲ್ಲ, ಮುಕ್ಕಾಲು ಹಿಡಿಯುವಾ ಅಂತ ಇಳಿಸಿ, ಸುಮಾರು 2 ಲಕ್ಷ, ಹೋಟೆಲು, ಮದುವೆಯದ್ದು ಬೇರೆ ಅಂದೆ. ಪಾಸ್.

ಕೊನೆಯ ರೌಂಡ್ ಬೆಂಗಳೂರಲ್ಲಿ. ಕಣ್ಣೂರು ಬೆಂಗಳೂರು ರೈಲಲ್ಲಿ ರಾತ್ರಿಯಿಡೀ ನಿದ್ದೆ ಇಲ್ಲ, ಪ್ರಶ್ನೆ ಬಿಡಿಸುವ ಸಿದ್ಧ ದಾರಿ, ಅಂದ್ರೆ ಫ್ರೇಮ್‌ವರ್ಕ್ ಬಾಯಿಪಾಠ. ಅದೇ ಹಾಳು ಮಾಡಿದ್ದು ಅನಿಸ್ತದೆ.

ಕೇಸ್, ಅಂದ್ರೆ ಬಿಡಿಸ್ಲಿಕ್ಕೆ ಕೊಡುವ ಸಮಸ್ಯೆ, ಇಷ್ಟೇ: ಬಿಸ್ಕೆಟ್ ಕಂಪೆನಿ, ಮಾರಾಟ ಆಗುವ ಪ್ಯಾಕೆಟ್ ಅಷ್ಟೇ, ಎರಡು ವರ್ಷದಿಂದ ಲಾಭ ಇಳೀತಾ ಉಂಟು, ಯಾಕೆ? ನಾನು ಸೀದಾ ಖರ್ಚಿಗೆ ನುಗ್ಗಿದೆ. ನಮ್ಮ ಮನೇಲಿ ವರ್ಷವಿಡೀ ಕೇಳುದು ಅದೇ ಅಲ್ವಾ, ಕೆಲಸದವರ ಸಂಬಳ, ಅಡಿಕೆಗೆ ಹೊಡೆಯುವ ಮದ್ದು ಮೈಲುತುತ್ತಿನ ಕ್ರಯ. ಮೈದಾ, ಸಕ್ಕರೆ, ಲಾರಿ ಬಾಡಿಗೆ, ಒಂದೊಂದೇ ಕೇಳಿದೆ. ಪ್ರತಿಯೊಂದಕ್ಕೂ "ಬದಲಾಗಿಲ್ಲ". ರೇಟ್? ಅದೂ ಬದಲಾಗಿಲ್ಲ. ಹತ್ತು ನಿಮಿಷ ಹೋದ ಮೇಲೆ ಇಂಟರ್‌ವ್ಯೂ ಮಾಡ್ತಿದ್ದ ಕಂಪೆನಿಯ ಪಾರ್ಟ್‌ನರ್ ಪಾಪ ಅವರೇ ಕೇಳಿದ್ರು, "ಯಾವ ಬಿಸ್ಕೆಟ್ ಎಷ್ಟು ಹೋಗ್ತಿದೆ ಅಂತ ಕೇಳ್ಬೇಕು ಅನಿಸ್ಲಿಲ್ವಾ?"

ಆಗ ಹೊಳೀತು. ಕ್ರೀಮ್ ಬಿಸ್ಕೆಟಲ್ಲಿ ಪ್ಯಾಕೆಟಿಗೆ 4 ರೂಪಾಯಿ ಲಾಭ, ಸಾದಾದ್ರಲ್ಲಿ 1. ನೂರರಲ್ಲಿ 50-50 ಇದ್ದಾಗ 250 ರೂಪಾಯಿ. ಈಗ ಕ್ರೀಮ್ 20, ಸಾದಾ 80, ಅಂದ್ರೆ ಬರೀ 160. ಖರ್ಚು, ರೇಟ್, ಸಂಖ್ಯೆ ಯಾವುದೂ ಅಲುಗಾಡದೆ ಲಾಭ ಜಾರಿದ್ದು. ಹೊಳೆದದ್ದು ಒಳ್ಳೇದಾಯ್ತು, ಆದ್ರೆ ಅದು ಅವರು ಹೇಳಿದ ಮೇಲೆ.

ಮನೆಗೆ ಬಂದ ದಿನ ಅಪ್ಪ ಜಗಲಿಯಲ್ಲಿ ಅಡಿಕೆ ಹೆಕ್ಕುತ್ತಾ ಕೂತಿದ್ರು, ಒಳ್ಳೆ ಇಡೀ ಅಡಿಕೆ ಚಾಲಿ ಒಂದು ಕಡೆ, ಒಡೆದ ಪಟೋರ ಒಂದು ಕಡೆ, ಅದಕ್ಕೆ ಕ್ರಯ ಕಮ್ಮಿ. ಎಂತ ಕೇಳಿದ್ರು ಅಂದ್ರು. ಬಿಸ್ಕೆಟಿನ ಕತೆ ಹೇಳಿದೆ, ಉತ್ತರ ಹೇಳದೆ. ತಲೆ ಎತ್ತದೆ ಅಂದ್ರು, "ಅವರದ್ದು ಪಟೋರ ಜಾಸ್ತಿ ಬಂದಿರ್ಬೇಕು."

ಮೊನ್ನೆ ಮೇಲ್ ಬಂತು, ಈ ಸಲಕ್ಕೆ ಇಲ್ಲ ಅಂತ. ಮುಂದಿನ ತಿಂಗಳು ಇನ್ನೊಂದು ಕಂಪೆನಿದು ಉಂಟು, ಆನ್‌ಲೈನೇ. ಅಷ್ಟರಲ್ಲಿ ಇನ್‌ವರ್ಟರ್ ಬ್ಯಾಟರಿ ಬದಲಿಸ್ಬೇಕು.